ಬೈರಾಕ್ಕೆ ಹೊರಟ ಕೆಂಪು ಮೋಟರ್‌ಸೈಕಲ್

ರೈಲ್ವೆಯಲ್ಲಿ ಮೂವತ್ತಾರು ವರ್ಷ ಹಸಿರು ಬಾವುಟ ಬೀಸಿ ನಿವೃತ್ತನಾದ ಜೊಸಾಯ ಸಿಗೌಕೆ, ಒಂದು ಶನಿವಾರ ಬೆಳಗ್ಗೆ ಬೇಯಿಸಿದ ಗೆಣಸಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಊಟದ ಮೇಜಿನ ಮೇಲೆ ಇಡೀ ಮೊಜಾಂಬಿಕ್ ದೇಶವನ್ನು ಬಿಡಿಸಿ ಹಾಸಿದ. ಸಕ್ಕರೆ ಡಬ್ಬಿ, ಚಹಾದ ಲೋಟ, ಕನ್ನಡಕದ ಪೆಟ್ಟಿಗೆ, ಬೈಬಲ್ ಎಲ್ಲವನ್ನೂ ಮೂಲೆಮೂಲೆಗೆ ಹೇರಿ ದೇಶ ಹಾರಿಹೋಗದಂತೆ ಭದ್ರಮಾಡಿದ ಮೇಲೆ ಘೋಷಿಸಿದ:

"ಮಾಯ್ ಚೆನಾಯ್, ಕೇಳಿಲ್ಲಿ! ಮುಂದಿನ ಶನಿವಾರ ನಾವು ವಿದೇಶ ಪ್ರವಾಸ ಹೊರಡ್ತೀವಿ. ಮೋಟರ್‌ಸೈಕಲ್ ಮೇಲೆ. ಸೀದಾ ಬೈರಾಕ್ಕೆ, ಸಮುದ್ರಕ್ಕೆ!"

ಗಂಡಹೆಂಡತಿ ಹಿರಿಮಗಳು ಚೆನಾಯ್‌ಳ ಹೆಸರು ಹಿಡಿದೇ ಒಬ್ಬರನ್ನೊಬ್ಬರು ಕರೆಯುತ್ತಿದ್ದರು. ಅವನು ಅವಳಿಗೆ ಬಾಬಾ ಚೆನಾಯ್, ಚೆನಾಯ್‌ಳ ಅಪ್ಪ; ಅವಳು ಅವನಿಗೆ ಮಾಯ್ ಚೆನಾಯ್, ಚೆನಾಯ್‌ಳ ಅಮ್ಮ. ಯೂನಿಸ್ ಎಂಬ ಅವಳ ಸ್ವಂತ ಹೆಸರು ಪಾಸ್‌ಪೋರ್ಟಿನಲ್ಲಿ ಮಾತ್ರ ಉಳಿದಿತ್ತು.

"ದಾರಿಯಲ್ಲಿ ಏನೇನಿದೆ?" ಯೂನಿಸ್ ಗೆಣಸಿನ ಸಿಪ್ಪೆ ಸುಲಿಯುತ್ತಲೇ ಕೇಳಿದಳು.

"ಏನಿಲ್ಲ ಕೇಳು! ಚಿಮೊಯೊ ಊರಲ್ಲಿ ಒಂದು ಬೆಟ್ಟ ಇದೆ. ಮುದುಕನ ತಲೆ ಅಂತ ಹೆಸರು. ಮುದುಕ ಬಾಯಿ ತೆರೆದು ಅಂಗಾತ ಮಲಗಿದ ಹಾಗೇ ಕಾಣುತ್ತಂತೆ."

"ಅದನ್ನ ನೋಡೋಕೆ ಚಿಮೊಯೊವರೆಗೂ ಯಾಕೆ ಹೋಗ್ಬೇಕು? ದಿನಾ ಪಕ್ಕದ ದಿಂಬಿನ ಮೇಲೆ ನೋಡ್ತೀನಲ್ಲ!"

ಆದರೆ ಅವಳ ಕಣ್ಣು ಭೂಪಟದ ಬಲತುದಿಯ ನೀಲಿಗೆ ಹೋಗಿ ಅಲ್ಲೇ ನಿಂತದ್ದನ್ನು ಸಿಗೌಕೆ ಗಮನಿಸಿದ. ಮದುವೆಗೆ ಮುಂಚೆ, ಎಂಬತ್ತನಾಲ್ಕನೇ ಇಸವಿಯಲ್ಲಿ, ಆಗ ಹೊಚ್ಚಹೊಸದಾಗಿದ್ದ ಕೆಂಪು ಮೋಟರ್‌ಸೈಕಲ್ ಮೇಲೆ ಅವಳನ್ನು ವುಂಬಾ ಬೆಟ್ಟಕ್ಕೆ ಕರೆದೊಯ್ದು, ಪೂರ್ವಕ್ಕೆ ಕೈತೋರಿಸಿ, "ಆ ಮಂಜಿನ ಹಿಂದೆ ಸಮುದ್ರ ಇದೆ. ನಿನಗೆ ತೋರಿಸ್ತೀನಿ," ಎಂದು ಮಾತು ಕೊಟ್ಟಿದ್ದ. ಆಗ ಗಡಿಯಾಚೆ ಯುದ್ಧ. ಯುದ್ಧ ಮುಗಿಯುವ ಹೊತ್ತಿಗೆ ಈಚೆ ಮೂರು ಮಕ್ಕಳು. ಮಕ್ಕಳ ಶಾಲೆ ಮುಗಿಯುವ ಹೊತ್ತಿಗೆ ಮೋಟರ್‌ಸೈಕಲ್ ಕೋಳಿಗೂಡಿನ ಮಗ್ಗುಲಿಗೆ ಸೇರಿ, ಅದರ ಸೀಟಿನ ಮೇಲೆ ಎಷ್ಟೋ ತಲೆಮಾರಿನ ಮರಿಗಳು ಕಣ್ಣುಬಿಟ್ಟಿದ್ದವು. ನಲವತ್ತು ವರ್ಷ ಹೀಗೇ ಹೋಗಿತ್ತು.

ಅವರಿದ್ದ ಗಡಿಯೂರು ಮುಟಾರೆಯವರಿಗೆ ವಿದೇಶವೇನೂ ದೂರವಲ್ಲ. ಊರಾಚೆ ಬೆಟ್ಟ ಇಳಿದರೆ ಜಿಂಬಾಬ್ವೆ ಮುಗಿದು ಮೊಜಾಂಬಿಕ್. ವಾರಕ್ಕೆರಡು ಸಲ ಅಕ್ಕಿ, ಒಣಮೀನು ತರಲು ಹೋಗಿಬರುವವರಿದ್ದಾರೆ. ಆದರೆ ಬೆಟ್ಟಗುಡ್ಡ ನೋಡಲಿಕ್ಕೆಂದೇ ಹೋದವರನ್ನು ಯಾರೂ ಕಂಡವರಿಲ್ಲ! ಭಾನುವಾರ ಚರ್ಚಿನಲ್ಲಿ ಸುದ್ದಿ ಹಬ್ಬಿತು. ಸೋಮವಾರ ಬೆಳಗ್ಗೆಯೇ ಸಿಗೌಕೆಯ ಅಕ್ಕ ಕೋಲೂರಿಕೊಂಡು ಬಂದಳು. ಮನೆಮಂದಿಯೆಲ್ಲ ತೇತೆ, ಅಂದರೆ ಸೋದರತ್ತೆ, ಎಂದು ಹೆದರಿ ಕರೆಯುವ ಎಪ್ಪತ್ತರ ಮುದುಕಿ.

"ನೋಡೋಕೆ ಹೋಗ್ತಾನಂತೆ! ಏನನ್ನ ನೋಡೋಕೆ?"

"ಪ್ರಕೃತಿ ಅಕ್ಕಾ, ಪ್ರಕೃತಿ ಸೌಂದರ್ಯ!"

"ಯಾವಳವಳು?"

ಅಂಥವಳು ಯಾರೂ ಇಲ್ಲವೆಂದು ಬೈಬಲ್ ಮುಟ್ಟಿ ಹೇಳಿದ ಮೇಲೆ ತೇತೆ ಸಮಾಧಾನಗೊಂಡಳು. "ಹಾಗಾದ್ರೆ ಖಾಲಿ ಕೈಯಲ್ಲಿ ಬರಬೇಡ. ಒಂದು ಮೂಟೆ ಅಕ್ಕಿ, ಒಣಮೀನು, ಸೊಂಟಕ್ಕೆ ಸುತ್ತೋ ಎರಡು ಬಟ್ಟೆ. ತುಂಬಿಸ್ಕೊಂಡು ಬರೋಕೆ ಬಕೆಟ್ ನಾನೇ ಕೊಡ್ತೀನಿ." ಆಮೇಲೆ ಎದುರುಮನೆಯವರ ಚೀಲ ಬಂತು, ಪಾದ್ರಿಯ ಹೆಂಡತಿಯ ಚೀಲ ಬಂತು. ಶುಕ್ರವಾರದ ಹೊತ್ತಿಗೆ ಮೋಟರ್‌ಸೈಕಲ್‌ನ ಹಿಂಭಾಗದಲ್ಲಿ ನಾಲ್ಕು ಖಾಲಿ ಚೀಲ, ಎರಡು ಹಸಿರು ಬಕೆಟ್ ನೇತಾಡಿ, ಪ್ರವಾಸ ಶುರುವಾಗುವ ಮೊದಲೇ ಪ್ರಯಾಸವಾಗಿತ್ತು.

ಸಿಗೌಕೆ ಎದೆಗುಂದಲಿಲ್ಲ. ವಾರವಿಡೀ ಗಾಡಿ ಬಿಚ್ಚಿದ, ಜೋಡಿಸಿದ, ಉಳಿದ ಎರಡು ನಟ್ಟುಗಳನ್ನು ಗುಟ್ಟಾಗಿ ಜೇಬಿಗಿಳಿಸಿದ. ಸಂಜೆ ಬೀದಿಯಲ್ಲಿ ಒಂದು ಸುತ್ತು ಹೊಡೆದು ಬಂದು, ಸೀಟು ತಟ್ಟಿ ಹೇಳಿದ: "ಇದು ನನ್ನ ಕುದುರೆ! ನನ್ನ ಬಿಟ್ಟು ಇನ್ನೊಬ್ಬರ ಮಾತು ಕೇಳಲ್ಲ!"

ಯೂನಿಸ್ ಒಲೆ ಕಡೆ ತಿರುಗಿ ಕೆಮ್ಮಿದಳು.

ಶನಿವಾರ ಬೆಳಗ್ಗೆ ಬೀದಿಗೆ ಬೀದಿಯೇ ಗೇಟಿನ ಮುಂದೆ ನೆರೆಯಿತು. ತೇತೆ ದೀರ್ಘವಾಗಿ ಪ್ರಾರ್ಥನೆ ಮಾಡಿದಳು. ರೈಲ್ವೆಯ ಹಳೇ ಕೋಟು ತೊಟ್ಟ ಸಿಗೌಕೆ ದಿಗ್ವಿಜಯಕ್ಕೆ ಹೊರಟ ಸೇನಾಪತಿಯ ಗತ್ತಿನಲ್ಲಿ ಗಾಡಿ ಏರಿದ. ಹಿಂದೆ ಯೂನಿಸ್ ಕೂತಳು. ಜನ ಕೈಬೀಸಿದರು. ಅವನು ಕಿಕ್ ಹೊಡೆದ.

ಗಾಡಿ ಸುಮ್ಮನಿತ್ತು.

ಇನ್ನೊಂದು ಕಿಕ್. ಮತ್ತೊಂದು. ಜನ ಬೀಸುತ್ತಿದ್ದ ಕೈಗಳನ್ನು ಒಂದೊಂದಾಗಿ ಇಳಿಸಿದರು. ಹದಿನೈದನೆಯದಕ್ಕೆ ಕೋಟು ಬಿಚ್ಚಿ ಗೇಟಿಗೆ ಹಾಕಿದ. ಇಪ್ಪತ್ತನೆಯದಕ್ಕೆ ಅವನ ಮೊಣಕಾಲಿನಿಂದ 'ಕಟಕ್' ಎಂದು ಶಬ್ದ ಬಂತು.

"ಅಯ್ಯೋ! ಅಮ್ಮಾ!"

"ಸ್ಟಾರ್ಟ್ ಆಯ್ತಾ?" ಕಿವಿ ಮಂದವಾದ ತೇತೆ ಕೇಳಿದಳು.

ಯೂನಿಸ್ ಇಳಿದಳು. ಕೈಚೀಲವನ್ನು ತೇತೆಗೆ ಕೊಟ್ಟಳು. ಲಂಗದ ಅಂಚನ್ನು ಸೊಂಟಕ್ಕೆ ಸಿಕ್ಕಿಸಿದಳು. ಬಗ್ಗಿ, ಟ್ಯಾಂಕಿನಡಿಯಲ್ಲಿ ಸಿಗೌಕೆ ಹಿಂದಿನ ಸಂಜೆ ಮುಚ್ಚಿ ತೆರೆಯಲು ಮರೆತಿದ್ದ ಪೆಟ್ರೋಲಿನ ನಲ್ಲಿಯನ್ನು ತಿರುಗಿಸಿ, ಚೋಕ್ ಎಳೆದು, ಒಂದೇ ಒಂದು ಕಿಕ್ ಕೊಟ್ಟಳು.

ಡುಗ್ ಡುಗ್ ಡುಗ್! ಬೀದಿಯೆಲ್ಲ ಹೋ ಎಂದು ಕೂಗಿತು. ಯೂನಿಸ್ ತೇತೆಯಿಂದ ಕೈಚೀಲ ಮರಳಿ ಪಡೆದು ಹೆಗಲಿಗೇರಿಸಿದಳು.

"ಹಿಂದೆ ಕೂತ್ಕೊಳ್ಳಿ, ಬಾಬಾ ಚೆನಾಯ್. ಆ ಕಾಲಲ್ಲಿ ಗೇರ್ ಹಾಕೋಕೆ ಆಗಲ್ಲ."

ದಿಗ್ವಿಜಯದ ಸೇನಾಪತಿ ಬಕೆಟ್‌ಗಳ ನಡುವೆ ಜಾಗ ಮಾಡಿಕೊಂಡು ಕೂತ.

ಪೇಟೆ ದಾಟಿ ಗಡಿಯ ರಸ್ತೆ ಹಿಡಿಯುವವರೆಗೆ ಅವನು ಬಗ್ಗಿ ಅವಳ ಎಡಗಾಲನ್ನೇ ನೋಡಿದ. ಅವಳ ಗೇರು ಬೆಣ್ಣೆಯಿಂದ ಕೂದಲೆಳೆದಂತೆ ಬೀಳುತ್ತಿತ್ತು.

"ಯಾರು ಕಲಿಸಿದ್ದು?" ಕೊನೆಗೂ ಕೇಳಿದ.

"ಚೆನಾಯ್‌ಗೆ ಉಬ್ಬಸ ಬರ್ತಿತ್ತಲ್ಲ, ಚಿಕ್ಕವಳಿದ್ದಾಗ. ನೀವು ರೈಲಿನ ಜತೆ ಹೋದ್ರೆ ಬರ್ತಿದ್ದದ್ದು ಮೂರನೇ ದಿನಕ್ಕೆ. ಒಂದು ಮಧ್ಯಾಹ್ನ ಮಗು ತುಟಿ ನೀಲಿಯಾಯ್ತು. ಬಸ್ಸಿಲ್ಲ. ಬೆನ್ನಿಗೆ ಕಟ್ಕೊಂಡು, ದಾರಿಯಲ್ಲಿ ಓಡಿಸೋರು ಯಾರಾದ್ರೂ ಸಿಕ್ತಾರೇನೋ ಅಂತ ಇದನ್ನ ತಳ್ಳಿಕೊಂಡೇ ಆಸ್ಪತ್ರೆಗೆ ಓಡಿದೆ. ಅವತ್ತೇ ಅಂದ್ಕೊಂಡೆ, ಇನ್ನು ತಳ್ಳಲ್ಲ ಅಂತ. ಪೋಸ್ಟ್‌ಮ್ಯಾನ್ ಹತ್ರ ಕಲಿತೆ."

ಪೆಟ್ರೋಲು ಕಡಿಮೆ ಅಳೆಯುತ್ತಾನೆಂದು ಬಂಕಿನವನೊಡನೆ ವರ್ಷಗಟ್ಟಲೆ ಜಗಳವಾಡಿದ್ದು ಸಿಗೌಕೆಗೆ ನೆನಪಾಯಿತು.

"ನನಗೆ ಯಾಕೆ ಹೇಳಲಿಲ್ಲ?"

"ಮನೆಗೆ ಬಂದು ಮೊದಲು ಇದನ್ನ ಒರೆಸ್ತಿದ್ರಿ. 'ನನ್ನ ಕುದುರೆ' ಅಂತಿದ್ರಿ. ಆ ಮುಖ ನೋಡಿದ್ರೆ ಹೇಳೋಕೆ ಮನಸ್ಸೇ ಬರ್ತಿರಲಿಲ್ಲ."

ಸಿಗೌಕೆ ಜಾರುತ್ತಿದ್ದ ಬಕೆಟನ್ನು ಸರಿಮಾಡಿಕೊಂಡ. ರೈಲಿನ ಕೊನೆಯ ಡಬ್ಬಿಯಲ್ಲಿ ಒಬ್ಬನೇ ಕೂತು ಮನೆಯವರನ್ನೆಲ್ಲ ಹೊತ್ತು ಸಾಗಿಸುತ್ತಿರುವವನು ತಾನೇ ಎಂದು ಎಷ್ಟು ಸಲ ಬೀಗಿದ್ದ! ಅದೇ ಹೊತ್ತಿಗೆ ಇವಳು ಬೆನ್ನಿಗೆ ಮಗು ಕಟ್ಟಿಕೊಂಡು ಈ ಬೆಟ್ಟದ ಬುಡದಲ್ಲಿ ಗೇರು ಬದಲಿಸುತ್ತಿದ್ದಳು. ಬಲಕ್ಕೆ ವುಂಬಾ ಬೆಟ್ಟಸಾಲು ಮಂಜು ಹೊದ್ದು ನಿಂತಿತ್ತು, ಎಂಬತ್ತನಾಲ್ಕರಲ್ಲಿ ನಿಂತಂತೆಯೇ. ಆಗ ಹಿಂದಿನಿಂದ ಹೆದರಿ ಹೆದರಿ ಕೋಟು ಹಿಡಿದಿದ್ದವಳು ಅವಳು. ಈಗ ಇವನು ಎರಡೂ ಕೈಯಲ್ಲಿ ಅವಳ ಸೊಂಟ ಬಳಸಿದ.

"ತಿರುವಿನಲ್ಲಿ ನನ್ನ ಜತೆ ವಾಲಿ! ಕಂಬದ ಹಾಗೆ ಕೂರಬೇಡಿ!" ಎಂದಳು.

ಅವನು ವಾಲಿದ. ಮುಂದಿನ ತಿರುವಿಗೆ ಹೇಳಿಸಿಕೊಳ್ಳದೆಯೇ ವಾಲಿದ.

ಗಡಿಯ ಮೊಜಾಂಬಿಕ್ ಬದಿಯಲ್ಲಿ ತರುಣ ಅಧಿಕಾರಿಯೊಬ್ಬ ತಡೆದ. ಆಚೆಗೂ ಈಚೆಗೂ ಭಾಷೆ ಒಂದೇ.

"ಅಪ್ಪಾ, ಲೈಸೆನ್ಸ್ ಕೊಡಿ."

ಸಿಗೌಕೆ ಉತ್ಸಾಹದಿಂದ ಜೇಬಿಗೆ ಕೈಹಾಕಿದ. ಹೊರಬಂದದ್ದು ಎರಡು ನಟ್ಟು. ಲೈಸೆನ್ಸು ಮನೆಯ ಗೇಟಿನ ಮೇಲೆ ಬಿಟ್ಟುಬಂದ ಕೋಟಿನಲ್ಲಿತ್ತು.

"ಗಾಡಿ ಓಡಿಸ್ತಿರೋಳು ನಾನು," ಎಂದು ಯೂನಿಸ್ ಕೈಚೀಲದಿಂದ ತನ್ನದನ್ನು ತೆಗೆದುಕೊಟ್ಟಳು. ಅಧಿಕಾರಿ ತಿರುಗಿಸಿ ನೋಡಿ, "ಎಂಬತ್ತೊಂಬತ್ತನೇ ಇಸವಿ! ನಾನು ಹುಟ್ಟೋಕೆ ಮುಂಚಿನದು, ಅಮ್ಮಾ," ಎಂದು ಎರಡೂ ಕೈಯಿಂದ ಮರಳಿಸಿದ. ನಂತರ ಬಕೆಟ್‌ಗಳನ್ನೂ ಚೀಲಗಳನ್ನೂ, ಅವುಗಳ ನಡುವೆ ಹುದುಗಿದ್ದ ಸಿಗೌಕೆಯನ್ನೂ ದಿಟ್ಟಿಸಿದ.

"ಸುಂಕಕ್ಕೆ ತೋರಿಸೋ ಅಂಥ ಸಾಮಾನು ಏನಾದ್ರೂ ಉಂಟಾ?"

ಯೂನಿಸ್ ಹಿಂದಕ್ಕೆ ತಿರುಗಿ ಗಂಡನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು.

"ಇದೊಂದೇ ಕಣಪ್ಪಾ. ತುಂಬ ಹಳೇದು, ಮನೆ ಬಳಕೆಗೆ ಮಾತ್ರ. ಮಾರೋಕಲ್ಲ."