ಮಹಿಳಾ ದಿನದ ಎತ್ತಿಗೊಂದು ಮನವಿ

ಸಭಾಭವನದ ಹಿಂದಿನ ದೊಡ್ಡಿಯಲ್ಲಿ ಬಿಜಯಂಗೈದಿರುವ ಮಾನ್ಯ ಕೆಂದೆತ್ತಿನವರೇ,

ಎಂಟಬೇನಿ ಹಳ್ಳಿಯ ಸಮಸ್ತ ಹೆಂಗಸರ ಪರವಾಗಿ ತಮ್ಮ ಕೊಂಬಿಗೂ ಗೊರಸಿಗೂ ಬಾಲಕ್ಕೂ ನಮಸ್ಕಾರಗಳು. ನಾನು ಮೂರನೇ ಕ್ಲಾಸಿನವರೆಗೆ ಓದಿದವಳು, ತಪ್ಪಿದ್ದರೆ ಮೆಲುಕು ಹಾಕುವಾಗ ಸರಿಮಾಡಿಕೊಳ್ಳಬೇಕು.

ನಾಳೆ ಆಗಸ್ಟ್ ಒಂಬತ್ತು, ಹೆಂಗಸರು ಪ್ರಿಟೋರಿಯಾಕ್ಕೆ ಹೋದ ನೆನಪಿಗೆ ನಮ್ಮಲ್ಲಿ ನಡೆಯುವ ಮಹಿಳಾ ದಿನ, ದೇಶಕ್ಕೆಲ್ಲ ರಜೆ. ನಮ್ಮ ಗೌರವಾರ್ಥ ತಮ್ಮನ್ನು ಕಡಿಯಲಾಗುವುದು. ವಾರ್ಡಿನ ಸದಸ್ಯ ವುಸುಮುಜಿ ಬರೀ ಭಾಷಣ ಕೊಡುತ್ತಾನೆ, ತಾವು ಪ್ರಾಣವನ್ನೇ ಕೊಡುತ್ತೀರಿ. ಹೆಂಗಸರಿಗಾಗಿ ಇಷ್ಟು ತ್ಯಾಗ ಮಾಡುವ ಗಂಡು ನಮ್ಮೂರಲ್ಲಿ ಇನ್ನೊಬ್ಬನಿಲ್ಲ.

ಆದರೂ ಒಂದು ದೂರಿದೆ. ಪದ್ಧತಿಯಂತೆ ತಮ್ಮ ತಲೆ ಗಂಡಸರ ಪಾಲು. ಅದನ್ನು ಅವರೇ ಬೇಯಿಸಿ, ಉಪ್ಪು ಹಚ್ಚಿ, ಮರದ ಹಲಗೆಯ ಸುತ್ತ ಕೂತು ತಿನ್ನುತ್ತಾರೆ. ಹೊಟ್ಟೆ, ಕರುಳು ನಮ್ಮ ಪಾಲು, ತಿನ್ನುವುದಕ್ಕಿಂತ ಮೊದಲು ತೊಳೆಯುವುದಕ್ಕೆ. ಹೋದ ವರ್ಷ ನಮ್ಮ ಆಗಸ್ಟಿನ ಚಳಿಗೆ ಕೈ ಮರಗಟ್ಟಿಸುವ ನೀರಿನಲ್ಲಿ ತಮ್ಮ ಹಿಂದಿನವರ ಹೊಟ್ಟೆ ತೊಳೆಯುತ್ತಿದ್ದಾಗ ಶಾಮಿಯಾನದೊಳಗಿಂದ ಭಾಷಣ ಕೇಳಿಸಿತು: ಕರಿಯ ಗಂಡಸರಂತೆ ಹೆಂಗಸರೂ ಓಡಾಟದ ಪರವಾನಗಿಯ ಪಾಸ್ ಪುಸ್ತಕ ಹೊರಬೇಕೆಂಬ ಬಿಳಿಯರ ಸರ್ಕಾರದ ಹುಕುಮಿನ ವಿರುದ್ಧ ಸಾವಿರದೊಂಬೈನೂರ ಐವತ್ತಾರರಲ್ಲಿ ಪ್ರಿಟೋರಿಯಾಕ್ಕೆ ಹೋದ ತಾಯಂದಿರು ಎಂಥ ಧೀರೆಯರು, ಈಗ ಅಂಥವರೆಲ್ಲಿ?

ಮಾನ್ಯರೇ, ಅಂಥವಳು ಶಾಮಿಯಾನದ ಹಿಂದೆಯೇ ಇದ್ದಳು. ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ರೈಲಿನಲ್ಲಿ ಹೋಗಿ, ಸರ್ಕಾರದ ಮೆಟ್ಟಿಲ ಮುಂದೆ ಕೈಯೆತ್ತಿ ಮಾತಿಲ್ಲದೆ ನಿಂತವಳು ನಾನೇ. ಅದನ್ನು ಹೇಳೋಣವೆಂದು ಎದ್ದರೆ ವುಸುಮುಜಿ ಪರದೆ ಸರಿಸಿ, "ಗೋಗೋ, ಇನ್ನೂ ಆಗ್ಲಿಲ್ವಾ ಅಜ್ಜೀ? ಜನ ಹಸ್ಕೊಂಡಿದಾರೆ!" ಅಂದ.

"ಆಗುತ್ತೆ ಕಣಪ್ಪಾ, ನಿನ್ನ ಮಾತು ಮುಗಿಯೋದ್ರೊಳಗೆ ಇನ್ನೊಂದು ಎತ್ತು ಹುಟ್ಟಿ, ಬೆಳೆದು, ಬೆಂದೂ ಬಿಡುತ್ತೆ" ಅಂದೆ. ಹೆಂಗಸರೆಲ್ಲ ನಕ್ಕರು. ಕುರ್ಚಿ ಮಾತ್ರ ಯಾರೂ ಕೊಡಲಿಲ್ಲ.

ಆದ್ದರಿಂದ ತಾವು ದಯವಿಟ್ಟು ನಾಳೆ ಹೊಟ್ಟೆಯನ್ನು ದೊಡ್ಡಿಯಲ್ಲೇ ಬಿಟ್ಟು, ನಮಗೂ ಒಂದಿರಲೆಂದು ಎರಡು ತಲೆ ಬೆಳೆಸಿಕೊಂಡು ಬರಬೇಕಾಗಿ ಪ್ರಾರ್ಥನೆ. ಆಗದಿದ್ದರೂ ಬೇಸರವಿಲ್ಲ. ಬೆಳಗಾಗುತ್ತಲೇ ನಾವೆಲ್ಲ ಕಂಬಳಿ ಹೊದ್ದುಕೊಂಡು ಮುಂದಿನ ಸಾಲಿನ ಕುರ್ಚಿಗಳಲ್ಲಿ ಕೂತಿರುತ್ತೇವೆ. ಭಾಷಣವನ್ನು ಪೂರ್ತಿ ಕೇಳುತ್ತೇವೆ. ಆಮೇಲೆ ಪ್ರಿಟೋರಿಯಾಕ್ಕೆ ಹೋದವಳು ಮಾತಾಡುತ್ತಾಳೆ. ಮೂರುಕಾಲಿನ ಹಂಡೆಗಳ ಹತ್ತಿರ ಒಬ್ಬಳೂ ಇರುವುದಿಲ್ಲ; ಹಾಗಿರುವಾಗ ತಮ್ಮನ್ನು ಕಡಿಯುವ ಧೈರ್ಯ ಯಾರಿಗಿದೆಯೋ ನೋಡೋಣ.

ತಮ್ಮ ವಂಶದ ಹೊಟ್ಟೆಗಳನ್ನೆಲ್ಲ ಒಳಹೊರಗು ಬಲ್ಲ ವಿಶ್ವಾಸಿ,
ಥೋಲಕೆಲೆ ಮಚುನು

ವಿ.ಸೂ.: ಇದನ್ನು ದೊಡ್ಡಿಯ ಗೇಟಿಗೆ ಸಿಕ್ಕಿಸಿದ್ದೇನೆ. ವುಸುಮುಜಿ ಓದಲು ಬಂದರೆ ತಿಳಿಸಿ: ತಲೆ ಬೇಯಿಸಲು ಬರುವ ಕೈಗೆ ಹೊಟ್ಟೆ ತೊಳೆಯಲೂ ಬರುತ್ತದೆ. ನೀರು ತಣ್ಣಗಿದೆ. ನನ್ನ ಭಾಷಣ ಉದ್ದವಿದೆ.