ಕ್ಲೆಮ್ ಡೋಹರ್ಟಿಯ ಎಡಗೈ

ಮೂವತ್ತು ವರ್ಷಗಳ ಹಿಂದೆ, ಸತತ ಮೂರು ಚಳಿಗಾಲ, ಹುಲ್ಲಿನ ಮೇಲಿನ ಮಂಜು ಕರಗುವ ಮೊದಲೇ ಬಂದು ಕುಳಿತು, ಕ್ಲೆಮ್ ಡೋಹರ್ಟಿ ವಾಂಗರೀ ಊರಿನ ಚರ್ಚಿನಲ್ಲಿ ಕಂಬದ ಪಕ್ಕದ ಜಾಗವನ್ನು ಗೆದ್ದುಕೊಂಡಿದ್ದ. ರಾಜ್ಯಗಳನ್ನು ಗೆದ್ದವರಿಗೂ ಅಷ್ಟು ತಾಳ್ಮೆ ಇದ್ದಿರಲಾರದು. ಅಲ್ಲಿ ಕುಳಿತರೆ ಬಲಗಡೆ ಕಂಬ, ಎಡಗಡೆ ಹೆಂಡತಿ ನೋರೀನ್. ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂಬ ಪ್ರಾರ್ಥನೆ ಆರಂಭವಾದೊಡನೆ ವಾಂಗರೀಯ ಭಕ್ತರೆಲ್ಲ ಅಕ್ಕಪಕ್ಕದವರ ಕೈ ಹಿಡಿದುಕೊಳ್ಳುವರು. ಹಿಡಿಯದವನನ್ನು ಊರು ಮುಂದಿನ ಭಾನುವಾರದವರೆಗೂ ವಿಚಾರಿಸಿಕೊಳ್ಳುವುದು. ಕಂಬವೊಂದು ಮಾತ್ರ ಯಾರ ಕೈಯನ್ನೂ ಕೇಳುತ್ತಿರಲಿಲ್ಲ.

ಕ್ಲೆಮ್‌ನ ಅಂಗೈ ಬೆವರುತ್ತಿತ್ತು. ಅದು ಸಾಧಾರಣ ಬೆವರಲ್ಲ. ಅಂಚೆ ಕಚೇರಿಯಲ್ಲಿ ಕೆಲಸ ಮಾಡಿದಷ್ಟು ಕಾಲವೂ ಅಂಚೆಚೀಟಿ ಅಂಟಿಸಲು ಅವನಿಗೆ ನೀರಿನ ಸ್ಪಂಜು ಬೇಕಾಗಿರಲಿಲ್ಲ. ಹರೆಯದಲ್ಲಿ ಒಮ್ಮೆ, ಬೇರೊಂದು ಊರಿನಲ್ಲಿ, ಕುಣಿತಕ್ಕೆಂದು ಅವನ ಕೈ ಹಿಡಿದ ಹುಡುಗಿ ನೂರು ಜನರೆದುರು ತನ್ನ ಕೈಯನ್ನು ಲಂಗಕ್ಕೆ ಒರೆಸಿಕೊಂಡಿದ್ದಳು. ವಾಂಗರೀಯಲ್ಲಿ ಈ ಗುಟ್ಟನ್ನು ಬಲ್ಲವಳು ನೋರೀನ್ ಒಬ್ಬಳೇ. ಉಳಿದವರಿಗೆ ತಿಳಿಯುವ ಮೊದಲು ತಾನು ಮಣ್ಣು ಸೇರಬೇಕೆಂಬುದು ಅವನ ಏಕೈಕ ಹಂಬಲ.

ಆ ಭಾನುವಾರ ನೋರೀನ್ ಮಗಳ ಹೆರಿಗೆಗೆಂದು ಮೆಲ್ಬರ್ನಿಗೆ ಹೋಗಿದ್ದಳು. ತೆರವಾದ ಎಡಗಡೆಗೆ ಮೋಯ್ರಾ ಸ್ಕಲ್ಲಿ ಬಂದು ಕೂರುವುದು ಖಚಿತವಾಗಿತ್ತು. ಪೀಠಕ್ಕೆ ಹೂ ಜೋಡಿಸುವ, ಪೂಜೆಯಲ್ಲಿ ಕೋರಿಕೆಗಳನ್ನು ಓದುವ ಆಕೆ, ಹಿಡಿದ ಕೈಯನ್ನು ‘ಆಮೆನ್’ ಆದ ಮೇಲೂ ಬಿಡದವಳು. ಕಂಡದ್ದನ್ನು ಊರಿಗೆಲ್ಲ ಹೇಳದೆಯೂ ಬಿಡದವಳು. ಪೂಜೆ ತಪ್ಪಿಸಿದರೆ ಮಧ್ಯಾಹ್ನಕ್ಕೆ ಮನೆಗೇ ಬಂದು ನಾಡಿ ಹಿಡಿದಾಳು. ಆದ್ದರಿಂದ ಕ್ಲೆಮ್ ಬಹಳ ಯೋಚಿಸಿ ಎಡಗೈಗೆ, ಗಾಯಕ್ಕೆ ಕಟ್ಟುವ ಬಿಳಿಯ ಪಟ್ಟಿಯನ್ನು ಸುತ್ತತೊಡಗಿದ; ಸುರುಳಿ ಮುಗಿಯುವವರೆಗೂ ನಿಲ್ಲಿಸಲಿಲ್ಲ.

ಚರ್ಚಿನ ಬಾಗಿಲಲ್ಲೇ ಮೋಯ್ರಾ ಅಡ್ಡ ನಿಂತಳು. “ಏನಪ್ಪಾ ಕ್ಲೆಮ್, ಇದು ಕೈಯೋ ಹೂಕೋಸೋ?”

ಕೆಟಲ್ ಮಗುಚಿ ಕುದಿಯುವ ನೀರು ಬಿತ್ತೆಂದು ಅವನು ಗೊಣಗಿದ.

“ನೋರೀನ್ ಆಕಡೆ ಹೋಗಿದ್ದೇ ತಡ, ಕೈ ಬೇಯಿಸ್ಕೊಂಡ್ಯಾ? ಗಂಡಸರನ್ನ ಒಂದಿನ ಬಿಟ್ಟು ಹೋಗೋ ಹಾಗಿಲ್ಲ ನೋಡು.”

ಅವನು ತನ್ನ ಜಾಗಕ್ಕೆ ಬಂದು ಮೊಣಕಾಲೂರುವಷ್ಟರಲ್ಲಿ ಸುದ್ದಿ ಮುಂದಿನ ಸಾಲನ್ನು ಮುಟ್ಟಿ ಹಿಂದಿರುಗಿತ್ತು. ಮೊದಲ ಹಾಡಿಗೆ ಚರ್ಮ ಸುಲಿದಿತ್ತು. ಎರಡನೆಯ ವಾಚನಕ್ಕೆ ಎಲುಬು ಕಾಣುತ್ತಿತ್ತು. ಪ್ರಬೋಧನೆ ಮುಗಿಯುವಾಗ ಎರಡು ಬೆರಳು ತೆಗೆಯಬೇಕೆಂದು ಮೆಲ್ಬರ್ನಿನ ವೈದ್ಯರೇ ಹೇಳಿಬಿಟ್ಟಿದ್ದರು. ಹಿಂದಿನ ಸಾಲಿನ ಪಿಸುಮಾತಿನಲ್ಲಿ ಇದನ್ನು ಕೇಳಿದ ಕ್ಲೆಮ್, ಪಟ್ಟಿಯೊಳಗೇ ಬೆರಳುಗಳನ್ನು ಒಮ್ಮೆ ಎಣಿಸಿಕೊಂಡ.

ಕೋರಿಕೆಗಳ ಸರದಿ ಬಂದಾಗ ಮೋಯ್ರಾ ಹಾಳೆಯಲ್ಲಿಲ್ಲದ ಒಂದನ್ನು ಸೇರಿಸಿ ಓದಿದಳು: ಎಡಗೈಯನ್ನೇ ಕಳೆದುಕೊಳ್ಳಲಿರುವ ನಮ್ಮ ಕ್ಲೆಮ್‌ಗಾಗಿ ಪ್ರಾರ್ಥಿಸೋಣ. ನೈಜೀರಿಯಾದಿಂದ ಬಂದು ಎರಡೇ ವರ್ಷವಾಗಿದ್ದ ತರುಣ ಪಾದ್ರಿ ಫಾದರ್ ಒಬಿನ್ನ ಮೃದು ಹೃದಯದವರು. ಅವರು ಕಣ್ಣೊರೆಸಿಕೊಳ್ಳುತ್ತ ಇಳಿದು ಬಂದು, ಕ್ಲೆಮ್‌ನನ್ನು ಪೀಠದ ಮೆಟ್ಟಿಲ ಬಳಿಗೆ ಕರೆದೊಯ್ದು ನಿಲ್ಲಿಸಿ, ಎಲ್ಲರೂ ಅವನತ್ತ ಬಲಗೈ ಚಾಚಬೇಕೆಂದರು. ಒಬ್ಬಳ ಕೈಯಿಂದ ತಪ್ಪಿಸಿಕೊಳ್ಳಹೋದವನ ಮೇಲೆ ನೂರಿಪ್ಪತ್ತು ಕೈಗಳು ಎದ್ದವು. ಹತ್ತಿರದವರು ಭಕ್ತಿ ತಡೆಯಲಾರದೆ ಅವನ ಹೆಗಲು, ಬೆನ್ನು, ಬೋಳುತಲೆಯನ್ನೂ ಮುಟ್ಟಿದರು. ಉಣ್ಣೆ ಕತ್ತರಿಸುವವನ ಕಾಲಸಂದಿಗೆ ಸಿಕ್ಕ ಕುರಿಯಂತೆ ಅವನು ನಿಂತ. ಅಂಗೈಯಲ್ಲಿ ಬೆವರಿನ ಊಟೆಯೊಡೆದು ಪಟ್ಟಿಯಿಂದ ತೊಟ್ಟಿಕ್ಕತೊಡಗಿತು.

ಅದನ್ನು ಮೊದಲು ಕಂಡವಳು ನಿವೃತ್ತ ದಾದಿ ಬೆರಿಲ್ ಪಾಸ್ಕೋ. “ಕೀವು ಸೋರ್ತಿದೆ, ಫಾದರ್. ಈಗ್ಲೇ ಬಿಚ್ಚಬೇಕು.”

ಬೇಡವೆಂದು ಕ್ಲೆಮ್ ಕೈ ಹಿಂದೆಳೆದುಕೊಂಡ. ಬೆರಿಲ್ ಬೇಡವೆನ್ನುವವರಿಗೇ ಮೂವತ್ತು ವರ್ಷ ಸೂಜಿ ಚುಚ್ಚಿದವಳು. ಪಟ್ಟಿ ಸುರುಳಿ ಸುರುಳಿಯಾಗಿ ನೆಲಕ್ಕೆ ಬಿತ್ತು. ಕಡೆಯ ಸುತ್ತಿನಿಂದ ಹೊರಬಂದ ಕೈ, ಆಗತಾನೇ ಮಿಂದ ಕೂಸಿನಂತೆ ಗುಲಾಬಿ ಬಣ್ಣದ್ದಾಗಿ, ಒಂದು ಗೀರೂ ಇಲ್ಲದೆ, ಕಿಟಕಿಯ ಬಣ್ಣದ ಬೆಳಕಿನಲ್ಲಿ ಥಳಥಳಿಸಿತು.

ಗುಟ್ಟು ಬಯಲಾಯಿತೆಂದು ಕ್ಲೆಮ್ ಕಣ್ಣು ಮುಚ್ಚಿದ.

“ಎಣ್ಣೆ,” ಎಂದಳು ಮೋಯ್ರಾ, ಮೆಲ್ಲನೆ. “ನೋಡ್ರೇ, ವಾಸಿಯಾದ ಕೈಯಿಂದ ಪವಿತ್ರ ಎಣ್ಣೆ ಸುರೀತಿದೆ.”

ಆಮೇಲಿನ ಪ್ರಾರ್ಥನೆಯಲ್ಲಿ ಇಡೀ ಚರ್ಚಿಗೆ ಬೇಕಾದದ್ದು ಆ ಒಂದೇ ಕೈ. ಹಿಡಿದವರಾರೂ ಲಂಗಕ್ಕೆ ಒರೆಸಿಕೊಳ್ಳಲಿಲ್ಲ. ಹಣೆಗೆ ಒರೆಸಿಕೊಂಡರು, ಕಣ್ಣಿಗೆ ಒತ್ತಿಕೊಂಡರು. ಬೆರಿಲ್ ತನ್ನ ಮೊಣಕಾಲಿಗೆ ಎರಡು ಸಲ ತಿಕ್ಕಿಸಿಕೊಂಡಳು. ಗಾಬರಿಗೆ ಬೆವರು ಹೆಚ್ಚಿತು. ಬೆವರಿಗೆ ಭಕ್ತಿ ಹೆಚ್ಚಿತು. ಪೂಜೆ ಮುಗಿಯುವ ಮೊದಲೇ ಮೋಯ್ರಾ, ಕ್ರಿಸ್ಮಸ್‌ವರೆಗಿನ ಭಾನುವಾರಗಳಲ್ಲಿ ಅವನ ಎಡಗಡೆ ಯಾರು, ಬಲಗಡೆ ಯಾರು ಎಂಬ ಪಟ್ಟಿಯನ್ನು ಬರೆದು ಬಾಗಿಲಿಗೆ ಅಂಟಿಸಿದಳು. ಅವನು ಇನ್ನು ಮೇಲೆ ನಡುಸಾಲಿನ ನಡುವೆ ಕೂರಬೇಕೆಂದೂ ಅದರಲ್ಲಿತ್ತು.

ಜನ ಚದುರಿದ ಮೇಲೆ ಕ್ಲೆಮ್ ಫಾದರ್ ಒಬಿನ್ನರನ್ನು ಪಾಪನಿವೇದನೆಯ ಗೂಡಿಗೆ ಎಳೆದುಕೊಂಡು ಹೋದ. ಜಾಲರಿಗೆ ಬಾಯಿಟ್ಟು ಕೆಟಲ್, ಪಟ್ಟಿ, ಬೆವರು, ಎಲ್ಲವನ್ನೂ ಒಪ್ಪಿಸಿದ. ಬಳಿಕ ಬೇಡಿಕೊಂಡ: “ನಂಗೆ ಹೇಳೋಕೆ ಧೈರ್ಯ ಇಲ್ಲ ಫಾದರ್. ಪವಾಡ ಗಿವಾಡ ಏನಿಲ್ಲ ಅಂತ ನೀವೇ ಜನಕ್ಕೆ ಹೇಳ್ಬಿಡಿ.”

ಆಚೆ ಕಡೆ ದೀರ್ಘ ನಿಟ್ಟುಸಿರು ಕೇಳಿಸಿತು. “ಇಲ್ಲಿ ಕೇಳಿದ್ದನ್ನ ನಾನು ಹೊರಗೆ ಬಾಯಿ ಬಿಡೋ ಹಾಗಿಲ್ಲ, ಕ್ಲೆಮ್. ಈ ಗೂಡಿಗೆ ಬರದೆ ಬಾಗಿಲ ಹತ್ರ ನಿಂತ್ಕೊಂಡು ನೀವು ಹೇಳಿದ್ರೆ ಆಗ್ತಿತ್ತು.”

ಬಳಿಕ ಜಾಲರಿಯ ಸಂದಿನಿಂದ ಒಂದು ಮಡಿಸಿದ ಕಾಗದ ಈಚೆ ಬಂತು. ಪೂಜೆಯ ಕೊನೆಯಲ್ಲಿ ಓದಲೆಂದು ಫಾದರ್ ಬರೆದು ತಂದಿದ್ದ ಪ್ರಕಟಣೆ ಅದು: ಪ್ರಾರ್ಥನೆಯಲ್ಲಿ ಕೈ ಹಿಡಿಯಬೇಕೆಂದು ಪೂಜೆಯ ಪುಸ್ತಕದಲ್ಲಿ ಎಲ್ಲಿಯೂ ಇಲ್ಲ, ಇಂದಿನಿಂದ ಯಾರೂ ಯಾರ ಕೈಯನ್ನೂ ಹಿಡಿಯಬೇಕಾಗಿಲ್ಲ.

“ಎರಡು ವರ್ಷದಿಂದ ಧೈರ್ಯ ಕೂಡಿಸ್ಕೊಂಡು ಇವತ್ತು ಓದೋಣ ಅಂತಿದ್ದೆ,” ಎಂದರು ಅವರು. “ಇನ್ನು ಈ ಊರಲ್ಲಿ ಯಾರು ಕೈ ಬಿಡ್ತಾರೆ ಹೇಳಿ?”

ಕ್ಲೆಮ್ ಆ ಕಾಗದದಿಂದಲೇ ಅಂಗೈ ಒರೆಸಿಕೊಂಡ, ಶಾಯಿ ಹರಡಿತು. ಆಚೆ ಕಡೆಯಿಂದ ಅಳುವಿನಂಥ ಸದ್ದೊಂದು ಎದ್ದು, ತಡೆದು, ಮತ್ತೆ ಎದ್ದಿತು. ಪಾದ್ರಿಗಳು ನಿಲುವಂಗಿಯ ತೋಳನ್ನು ಬಾಯಿಗೆ ಅದುಮಿಕೊಂಡು ನಗುತ್ತಿದ್ದರು.

“ಪಾಪ ಕ್ಷಮಿಸಿದ್ದೀನಿ,” ಎಂದರು ಅವರು, ಉಸಿರು ತಿರುಗಿದ ಮೇಲೆ. “ಆದ್ರೆ ಕ್ಲೆಮ್, ದಯವಿಟ್ಟು, ಆ ಕೆಟಲ್‌ನಿಂದ ಶುರು ಮಾಡಿ ಇನ್ನೊಂದ್ ಸಲ ಹೇಳಿ.”