ನನ್ನ ಸಾಕ್ಷಿಯಲ್ಲಿ ದೇವರ ಪಾಲು

ಒಂದೇ ಕಥೆಯನ್ನು ವರ್ಷಕ್ಕೊಮ್ಮೆಯಂತೆ ಇಪ್ಪತ್ತೆರಡು ವರ್ಷ ಹೇಳಿದವನಿಗೆ ಆಯಾಸವಾಗುವುದು ಸಹಜ. ಆದರೆ ನನಗೆ ಆಯಾಸವಾದದ್ದು ಹೇಳಿ ಹೇಳಿ ಅಲ್ಲ. ಆ ಕಥೆ ನಿಜವಾಗಿ ನಡೆದದ್ದು ಹೇಗೆ ಎಂದು ಈಚೆಗೆ ನೋಡಬೇಕಾಗಿ ಬಂದದ್ದರಿಂದ. ನಾನು ಕಾಲೇಜಿನಲ್ಲಿ ಮೂವತ್ತು ವರ್ಷ ಸಸ್ಯಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದವನು. ದಿನಕ್ಕೊಂದು ಪುಟ ಡೈರಿ ಬರೆಯುವ ಚಟವಿದೆ. ಮನುಷ್ಯನ ನೆನಪನ್ನು ನಂಬಬಾರದು ಎಂದು ಕಂಡಕಂಡವರಿಗೆ ಹೇಳುತ್ತೇನೆ, ಹಿಂದಿನ ವಾರ ಅವರಿಗೇ ಹೇಳಿದ್ದು ಮರೆತು ಮತ್ತೆ ಹೇಳುತ್ತೇನೆ. ಇಷ್ಟೆಲ್ಲ ಇದ್ದೂ ಆ ಒಂದು ಕಥೆಯ ವಿಷಯದಲ್ಲಿ ಹಳೆಯ ಡೈರಿ ತೆರೆದು ನೋಡಬೇಕೆಂದು ನನಗೆ ಅನ್ನಿಸಲೇ ಇಲ್ಲ. ಅದು ನೆನಪಲ್ಲ, ಸಾಕ್ಷಿ ಎಂದುಕೊಂಡಿದ್ದೆ.

ನಮ್ಮ ಚರ್ಚಿನ ಸಭೆಯಲ್ಲಿ ಸಾಕ್ಷಿ ಹೇಳುವುದೆಂದರೆ, ದೇವರು ನಮ್ಮ ಬಾಳಿನಲ್ಲಿ ಮಾಡಿದ ಉಪಕಾರವನ್ನು ಎಲ್ಲರೆದುರು ಎದ್ದು ನಿಂತು ಹೇಳುವುದು. ವರ್ಷಕ್ಕೊಂದು ಭಾನುವಾರ ಉಪಕಾರಸ್ತುತಿಯ ಆರಾಧನೆ ಇರುತ್ತದೆ. ಆವತ್ತು ಕುಂಬಳಕಾಯಿ, ಬಾಳೆಗೊನೆ, ತೆಂಗಿನಕಾಯಿಗಳನ್ನು ತಂದು ಮುಂದೆ ಇಟ್ಟ ಮೇಲೆ ಅಯ್ಯನವರು ನನ್ನ ಕಡೆ ನೋಡುತ್ತಾರೆ. ಅಯ್ಯನವರೆಂದರೆ ನಮ್ಮ ಪಾಸ್ಟರು. ನಾನು ಬೇಡ ಎನ್ನುವಂತೆ ಸ್ವಲ್ಪ ತಲೆಯಾಡಿಸಿ ಎದ್ದು ನಿಲ್ಲುತ್ತೇನೆ. ಇಪ್ಪತ್ತೆರಡು ವರ್ಷದ ಹಿಂದೆ ಟೈಫಾಯಿಡ್ ಉಲ್ಬಣಿಸಿ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಮಲಗಿದ್ದೆ. ಅದರಿಂದ ಎದ್ದು ಬಂದ ಕಥೆ ನನ್ನದು.

ಮೊದಲ ವರ್ಷ ಅದು ಮೂರು ವಾಕ್ಯದ ಕಥೆ. ಕಾಯಿಲೆಯಾಗಿತ್ತು, ವಾಸಿಯಾಯಿತು, ದೇವರಿಗೆ ಸ್ತೋತ್ರ. ಮುಂದೆ ಅದಕ್ಕೂ ವಯಸ್ಸಾದಂತೆ ಮೈ ಬಂತು, ನನ್ನ ಹಾಗೆ. ಐದನೆಯ ವರ್ಷ ವೈದ್ಯರು ತಲೆಯಾಡಿಸಿ ಆಸೆ ಬಿಟ್ಟರು. ಎಂಟನೆಯ ವರ್ಷ ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಅವರಿಗೆ ಕನ್ನಡಕ ಇತ್ತೇ ಎಂಬುದು ಈಗ ನನಗೆ ಗೊತ್ತಿಲ್ಲ. ಹನ್ನೊಂದನೆಯ ವರ್ಷದ ಹೊತ್ತಿಗೆ ನಾನು ನರ್ಸ್ ತಂದ ಮಾತ್ರೆಯ ತಟ್ಟೆಯನ್ನು ಪಕ್ಕಕ್ಕೆ ತಳ್ಳಿ, ಹಾಸಿಗೆಯ ಮೇಲೆಯೇ ಮೊಣಕಾಲೂರಿ, ನನ್ನನ್ನು ಎಬ್ಬಿಸುವವನು ನೀನೇ ಎಂದು ಗಟ್ಟಿಯಾಗಿ ಪ್ರಾರ್ಥಿಸಿದ್ದೆ. ಈ ಜಾಗಕ್ಕೆ ಬಂದಾಗ ಹೆಂಗಸರ ಕಡೆಯಿಂದ ಒಂದು ನಿಟ್ಟುಸಿರು ಕೇಳುತ್ತಿತ್ತು. ಆ ನಿಟ್ಟುಸಿರಿಗಾಗಿ ನಾನು ಅಲ್ಲಿ ಒಂದು ಕ್ಷಣ ನಿಲ್ಲುವುದನ್ನೂ ಕಲಿತಿದ್ದೆ. ದೇವರ ಪಾಲಿಗೆ ಮಾತ್ರ ಮೊದಲ ವರ್ಷ ಎಷ್ಟಿತ್ತೋ ಅಷ್ಟೇ, ಕೊನೆಯಲ್ಲಿ ಒಂದು ಸ್ತೋತ್ರ. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಅವನಿಗೆ ಒಂದು ಇನ್‌ಕ್ರಿಮೆಂಟೂ ಸಿಗಲಿಲ್ಲ.

ನಮ್ಮ ದೊಡ್ಡಪ್ಪ ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದರು. ಸಾಕ್ಷಿಗಳ ಬಗ್ಗೆ ಅವರಿಗೆ ಬಹಳ ಬೇಸರ. "ಏನ್ ಕಂಡೆಯಪ್ಪಾ ಅಂದ್ರೆ ತಾನು ಬೆಳಗ್ಗೆ ಏನ್ ತಿಂದೆ ಅನ್ನೋದ್ರಿಂದ ಶುರು ಮಾಡ್ತಾರೆ ಕಣೋ. ಸಾಕ್ಷಿ ಅಂದ್ರೆ ಬೇರೆಯವರನ್ನ ಕಂಡೋನು. ತನ್ನನ್ನೇ ಕಾಣೋನಿಗೆ ಕನ್ನಡಿ ಸಾಕು, ಕೋರ್ಟ್ ಯಾಕೆ?" ಎನ್ನುತ್ತಿದ್ದರು. ಅವರು ಹೀಗೆಯೇ ಹೇಳಿದರೋ, ನಾನು ಕೈಯಿಂದ ಹಾಕಿ ಸರಿಮಾಡಿದ್ದೇನೋ, ಈಗ ಪ್ರಮಾಣ ಮಾಡಿ ಹೇಳಲಾರೆ.

ಆರು ತಿಂಗಳ ಹಿಂದೆ ನಮ್ಮ ಸಭೆಗೆ ಹೊರಗಿನಿಂದ ಒಬ್ಬ ಬೋಧಕರು ಬಂದು ಮೂರು ಸಂಜೆ ಮಾತನಾಡಿದರು. ನಿನ್ನ ಗೆಲುವು ನಿನ್ನ ಬಾಯಲ್ಲೇ ಇದೆ ಎಂಬುದು ವಿಷಯ. ಮನುಷ್ಯ ಚೆನ್ನಾಗಿ ಮಾತಾಡುತ್ತಾರೆ. ಪ್ರತಿ ವಾಕ್ಯವೂ 'ನೀನು' ಎಂದೇ ಶುರುವಾಗುತ್ತಿತ್ತು. ನೀನು ಕೇಳಿದರೆ ಸಿಗುತ್ತದೆ, ಸಿಗದಿದ್ದರೆ ಕೊಡುವವನಲ್ಲಿ ಕೊರತೆಯಿಲ್ಲ, ನಿನ್ನ ನಂಬಿಕೆಯಲ್ಲಿ ಎಲ್ಲೋ ಲೀಕ್ ಇದೆ ಎಂದರು. ದೇವರು ಆ ಮೂರು ದಿನವೂ ವೇದಿಕೆಯ ಹಿಂದೆ ಮೈಕ್ ಸೆಟ್ ನೋಡಿಕೊಳ್ಳುತ್ತಿದ್ದಂತೆ ನನಗೆ ಕಂಡಿತು. ಮನೆಗೆ ಬರುವಾಗ ಸುಗುಣಳ ಹತ್ತಿರ ಈ ತಮಾಷೆ ಹೇಳಿದೆ. ಸುಗುಣ ನನ್ನ ಹೆಂಡತಿ. ಅವಳು, "ಮೂರನೇ ದಿನ ನಿಮ್ಮ ಸಾಕ್ಷಿ ಹೇಳ್ಸಿದ್ರಲ್ಲ, ಆಗ ಹಿಂಗನ್ನಿಸ್ಲಿಲ್ವಾ?" ಎಂದಳು. ಹೌದು, ಹೇಳಿಸಿದ್ದರು. ಬೋಧಕರು ನನ್ನ ಭುಜ ತಟ್ಟಿ, ಇಂಥ ನಂಬಿಕೆ ಬೇಕು ಎಂದಿದ್ದರು. ಅದರ ಮುಂದಿನ ಭಾನುವಾರ ನಮ್ಮ ಅಯ್ಯನವರು, ನಂಬಿಕೆಯೆಂದರೆ ನಮ್ಮ ಹಿಡಿತದ ಬಲವಲ್ಲ, ನಮ್ಮನ್ನು ಹಿಡಿದವನ ಬಲ ಎಂದು ತಮ್ಮ ಸಣ್ಣ ಧ್ವನಿಯಲ್ಲಿ ಹೇಳಿದರು. ಆವತ್ತು ಕರೆಂಟ್ ಇರಲಿಲ್ಲ. ಫ್ಯಾನ್ ನಿಂತಿದ್ದು ಮಾತ್ರ ಎಲ್ಲರಿಗೂ ನೆನಪಿದೆ.

ಇಷ್ಟು ಪೀಠಿಕೆಯಾದ ಮೇಲೆ ನಮ್ಮ ಬಚ್ಚಲಮನೆಯ ನಲ್ಲಿಗೆ ಬರುತ್ತೇನೆ. ಶ್ರೀರಾಂಪುರದ ನಮ್ಮ ಮನೆಯಲ್ಲಿ ಆ ನಲ್ಲಿ ಮೂರು ವಾರದಿಂದ ತೊಟ್ಟಿಕ್ಕುತ್ತಿತ್ತು. ಕಳೆದ ಶುಕ್ರವಾರ ಬೆಳಿಗ್ಗೆ ರಾಜೀವನಗರದಿಂದ ದಯಾನಂದ ಬಂದ. ದಯಾನಂದ ನಮ್ಮ ಸಭೆಯವನೇ, ಪ್ಲಂಬರ್, ನಲವತ್ತೆರಡೋ ನಲವತ್ಮೂರೋ ವಯಸ್ಸು. ಎಂಟು ತಿಂಗಳ ಹಿಂದೆ ಅವನ ಹೆಂಡತಿ ಲೀಲಾಳಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಅವನು ವಾಷರ್ ಬದಲಾಯಿಸಿ, ಕೈ ಒರೆಸಿಕೊಂಡು, ಸುಗುಣ ಕೊಟ್ಟ ಕಾಫಿ ಹಿಡಿದು ಹೊಸಿಲ ಬಳಿಯೇ ನಿಂತ.

"ಸಾರ್, ಒಂದ್ ಮಾತು ಕೇಳ್ಬೇಕಿತ್ತು. ನೀವು ಆಸ್ಪತ್ರೇಲಿ ಪ್ರಾರ್ಥನೆ ಮಾಡಿದ್ರಲ್ಲ, ಅದ್ರಲ್ಲಿ ಏನೇನ್ ಮಾತಿತ್ತು ಅಂತ ಬರ್ಕೊಡ್ತೀರಾ?"

"ಯಾಕೆ ದಯಾನಂದ?"

"ನಾನೂ ಎಂಟ್ ತಿಂಗ್ಳಿಂದ ಕೇಳ್ತಾನೇ ಇದೀನಿ. ಲೀಕ್ ಅದೆ ಅಂದ್ರಲ್ಲ ಅವ್ರು. ನಾನು ಪ್ಲಂಬರ್ ಸಾರ್, ಲೀಕ್ ಹುಡ್ಕೋದೇ ನನ್ ಕಸುಬು. ಗೋಡೆ ಒಳಗಿರೋದನ್ನ ಕಂಡ್ಹಿಡಿದ್ಬುಡ್ತೀನಿ. ಇದ್ ಮಾತ್ರ ಎಲ್ಲಿ ಅಂತ ಗೊತ್ತಾಗ್ತಿಲ್ಲ." ಅವನು ಒಂದು ಗುಟುಕು ಕುಡಿದ. "ನೆನ್ನೆ ಕೂತು ಯೋಚ್ನೆ ಮಾಡ್ದೆ. ನೀವು ಮಾತ್ರೆ ತಟ್ಟೆ ತಳ್ಬುಟ್ರಿ. ನಾನು ಒಂದ್ ಕಡೆ ಪ್ರಾರ್ಥನೆ ಮಾಡ್ತೀನಿ, ಒಂದ್ ಕಡೆ ಮೂರೊತ್ತೂ ಅವಳ್ಗೆ ಬೀಪಿ ಮಾತ್ರೆ ನುಂಗುಸ್ತೀನಿ. ಅಲ್ಲೇ ಅನ್ನುಸ್ತದೆ ಲೀಕು. ನಾಳೆಯಿಂದ ಮಾತ್ರೆ ನಿಲ್ಸ್ಬುಡ್ತೀನಿ ಸಾರ್. ಲೀಲಾನೂ ಊಂ ಅಂದವ್ಳೆ."

ಒಳಗೆ ಸೊಪ್ಪು ಹೆಚ್ಚುತ್ತಿದ್ದ ಸುಗುಣಳ ಕೈ ನಿಂತದ್ದು ನನಗೆ ಕಾಣಿಸಿತು.

ನಾನು ಏನು ಮಾಡಿದೆ ಎಂಬುದನ್ನು ಇಲ್ಲಿ ಇದ್ದದ್ದು ಇದ್ದಂತೆ ಬರೆಯಬೇಕು. ಕೂಡಲೇ, ಬೇಡ, ನಿಲ್ಲಿಸಬೇಡ ಎಂದು ಹೇಳಬೇಕಿತ್ತು. ಹೇಳಲಿಲ್ಲ. ನನಗೆ ಮೊದಲು ಬಂದದ್ದು ಹೆಮ್ಮೆ. ನನ್ನ ಮಾತು ಒಬ್ಬನಿಗೆ ಇಷ್ಟು ತಾಕಿದೆಯಲ್ಲ ಎಂದು. ಎರಡನೆಯದಾಗಿ ಬಂದದ್ದು ಭಯ. ಲಕ್ವ ಹೊಡೆದವಳ ಬೀಪಿ ಮಾತ್ರೆ ನಿಲ್ಲಿಸಿದರೆ ಏನಾಗುತ್ತದೆಂದು ಸಸ್ಯಶಾಸ್ತ್ರದವನಿಗೂ ಗೊತ್ತು. "ನನ್ನ ಕೇಸೇ ಬೇರೆ ದಯಾನಂದ" ಎಂದು ಶುರುಮಾಡಿದೆ. ಅವನ ಮುಖ ಇಳಿಯಿತು. "ನಿಮ್ ನಂಬಿಕೆ ಬೇರೆ ಅಂತೀರಾ" ಎಂದ. ನಾನು ಆಡಿದ ಮಾತಿಗೆ ಅದೇ ಅರ್ಥವಿತ್ತು.

ಸುಗುಣ ಈಳಿಗೆಮಣೆ ಬಿಟ್ಟು ಎದ್ದು ಬಂದಳು. "ರೀ, ಆ ವರ್ಷದ ಡೈರಿ ಬೀರು ಮೇಲಿದೆ. ತೆಗೀರಿ" ಎಂದಳು.

"ಈಗ್ಯಾಕೆ?"

"ನಾನ್ ಹೇಳಿದ್ರೆ ಹೆಂಡ್ತಿ ಹೊಟ್ಟೆಕಿಚ್ಚು ಅಂತೀರ. ನಿಮ್ ಅಕ್ಷರಾನೇ ಹೇಳ್ಲಿ."

ಸ್ಟೂಲು ಹಾಕಿ ಇಳಿಸಿದೆ. ಧೂಳಿಗೆ ನಾಲ್ಕು ಸೀನು ಬಂತು. ನನಗೆ ಆ ತಟ್ಟೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ, ಸ್ಟೀಲಿನದು, ಅಂಚು ಸ್ವಲ್ಪ ನೆಗ್ಗಿದ್ದು. ಅದು ಡೈರಿಯಲ್ಲಿ ಇದ್ದೇ ಇರುತ್ತದೆ ಎಂಬ ಭರವಸೆಯಿಂದಲೇ ಪುಟ ಹುಡುಕಿದೆ. ಜ್ವರದವನ ಸೊಟ್ಟ ಅಕ್ಷರದಲ್ಲಿ ಏಳನೆಯ ದಿನ ಹೀಗೆ ಬರೆದಿತ್ತು. ಮಾತ್ರೆ ಒಂದು ಗಂಟೆ ತಡ. ನರ್ಸ್ ಜೊತೆ ಜಗಳವಾಡಿದೆ. ಇಡ್ಲಿ ಪರವಾಗಿಲ್ಲ, ಚಟ್ನಿ ನೀರು. ಪಕ್ಕದ ಹಾಸಿಗೆಯವರ ರೇಡಿಯೊ ಸಹಿಸಲಾಗುತ್ತಿಲ್ಲ. ಸುಗುಣ ಪ್ರಾರ್ಥನೆ ಮಾಡೋಣವಾ ಎಂದಳು. ಸುಸ್ತು, ನೀನೇ ಮಾಡು ಎಂದು ಗೋಡೆಯ ಕಡೆ ತಿರುಗಿ ಮಲಗಿದೆ.

ಓದಿದ್ದು ನಾನೇ, ಗಟ್ಟಿಯಾಗಿ. ಇಡ್ಲಿಯ ಹತ್ತಿರ ನಿಲ್ಲಿಸಬಹುದಿತ್ತು, ಆದರೆ ಸುಗುಣ ಹೆಗಲ ಹಿಂದೆ ನಿಂತಿದ್ದಳು. ಡೈರಿಯನ್ನೂ ಪೂರ್ತಿ ನಂಬಬಾರದು, ಅದೂ ನಾನೇ ಬರೆದದ್ದಲ್ಲವೇ ಎಂಬ ಕೊನೆಯ ಆಸೆಯಿಂದ ಅವಳನ್ನು ಕೇಳಿದೆ, "ನಾನು ಮೊಣಕಾಲೂರಿದ್ದು ನಿಜ ತಾನೆ?"

"ಡ್ರಿಪ್ಪು ಹಾಕಿದ್ರು ಕಣ್ರೀ. ಮೊಣಕಾಲೂರೋದಿರ್ಲಿ, ಬಚ್ಚಲಿಗೆ ಹೋಗೋಕೂ ನನ್ನ ಹೆಗಲೇ ಬೇಕಿತ್ತು."

"ಮತ್ತೆ ಇಷ್ಟು ವರ್ಷ ನೀನ್ಯಾಕೆ ಸುಮ್ಮನಿದ್ದೆ?"

"ಹೇಳ್ಕೊಂಡು ಖುಷಿಯಾಗಿದ್ರಿ. ಯಾರಿಗೂ ತೊಂದ್ರೆ ಇರ್ಲಿಲ್ಲ. ಇವತ್ತು ಇದೆ."

ದಯಾನಂದ ಕಾಫಿ ಲೋಟವನ್ನು ಮೆಲ್ಲಗೆ ಕೆಳಗಿಟ್ಟ. ಅವನು ಬೈಯುತ್ತಾನೆಂದು ನಾನು ಕಾದೆ. ಬೈದಿದ್ದರೆ ನನಗೂ ಅನುಕೂಲವಿತ್ತು. ಅವನ ಬಾಯಿಯ ಒಂದು ಮೂಲೆ ಮಾತ್ರ ಅಲುಗಿತು.

"ಅಂಗಾರೆ ನಿಮ್ದೂ ಲೀಕೇ ಅನ್ನಿ ಸಾರ್."

"ಲೀಕಲ್ಲ ದಯಾನಂದ, ಪೈಪೇ ಇರಲಿಲ್ಲ" ಎಂದೆ.

ಅವನು ಆ ಮಾತನ್ನು ತನ್ನ ಕಸುಬಿನ ಲೆಕ್ಕದಲ್ಲಿ ಯೋಚಿಸಿದ. ಆಮೇಲೆ ನನ್ನನ್ನಲ್ಲ, ಸುಗುಣಳನ್ನು ಕೇಳಿದ, "ಅಕ್ಕಾ, ಪೈಪೇ ಇರ್ಲಿಲ್ಲ ಅಂದ್ರೆ ನೀರು ಎಲ್ಲಿಂದ ಬಂತು?"

ಸುಗುಣ ನನ್ನ ಕಡೆ ನೋಡಿದಳು. ನಾನು ಬೋಧಕರ ಮೂರು ದಿನದ ಮಾತನ್ನೂ ನನ್ನ ಇಪ್ಪತ್ತೆರಡು ವರ್ಷದ ಸಾಕ್ಷಿಯನ್ನೂ ಒಳಗೊಳಗೇ ತಡಕಾಡಿದೆ. ಏನೂ ಮಾಡದೆ ಗೋಡೆಗೆ ತಿರುಗಿ ಮಲಗಿದವನನ್ನು ಎಬ್ಬಿಸಿದವನ ಬಗ್ಗೆ ಹೇಳಲು ನನ್ನ ಹತ್ತಿರ ಒಂದು ವಾಕ್ಯವೂ ತಯಾರಿರಲಿಲ್ಲ. ಕಡೆಗೆ, "ಮಾತ್ರೆ ನಿಲ್ಲಿಸಬೇಡಿ ದಯಾನಂದ. ನಾನು ಒಂದು ಗಂಟೆ ತಡವಾಯಿತೆಂದು ಜಗಳ ಆಡಿದವನು" ಎಂದೆ. ಅವನನ್ನು ಬಹುವಚನದಲ್ಲಿ ಕರೆದದ್ದು ಆಮೇಲೆ ಗಮನಕ್ಕೆ ಬಂತು. "ಆಯ್ತು ಸಾರ್, ನಿಲ್ಸಕಿಲ್ಲ" ಎಂದು ಅವನು ಸ್ಪ್ಯಾನರನ್ನು ಚೀಲಕ್ಕೆ ಹಾಕಿಕೊಂಡು ಹೊರಟ. ಗೇಟಿನ ಬಳಿ ತಿರುಗಿ, "ಲೀಲಾಗೆ ಹೇಳ್ತೀನಿ, ಸಾರೂ ನಮ್ ಥರಾನೇ ಅಂತ. ಪಾಪ, ಖುಷಿಯಾಗ್ತಾಳೆ" ಎಂದ.

ಅದೇ ಭಾನುವಾರ ಉಪಕಾರಸ್ತುತಿ ಇತ್ತು. ನನ್ನ ಮಾತು ಕೇಳಿ ಇನ್ಯಾರ ಮನೆಯಲ್ಲಿ ಮಾತ್ರೆ ನಿಂತಿದೆಯೋ ಎಂಬ ಯೋಚನೆ ಬಂದ ಮೇಲೆ ಸುಮ್ಮನಿರುವಂತಿರಲಿಲ್ಲ. ಎಲ್ಲರೆದುರು ತಪ್ಪೊಪ್ಪಿಕೊಳ್ಳುವುದೆಂದು ಶನಿವಾರ ಬೆಳಿಗ್ಗೆ ಬರೆಯಲು ಕೂತೆ. ನೆನಪಿನ ಮೋಸ, ವಿದ್ಯಾವಂತನ ಅಹಂಕಾರ, ಬೀರುವಿನ ಮೇಲಿನ ಧೂಳು ಎಲ್ಲ ಸೇರಿ ಮಧ್ಯಾಹ್ನದ ಹೊತ್ತಿಗೆ ನಾಲ್ಕು ಹಾಳೆಯಾಯಿತು. ಎರಡು ಕಡೆ ನನಗೇ ಕಣ್ಣು ಒದ್ದೆಯಾಯಿತು. ಸುಗುಣ ಓದಿ ನೋಡಿ, "ಮೊದ್ಲು ನಂಬಿಕೇಲಿ ಹೀರೋ ಆಗಿದ್ರಿ, ಈಗ ಪಶ್ಚಾತ್ತಾಪದಲ್ಲಿ" ಎಂದು ಹಾಳೆಗಳನ್ನು ಹಿಂದಕ್ಕೆ ಕೊಟ್ಟಳು. ಹೊಡೆದು ಹಾಕುತ್ತಾ ಹೋದೆ. 'ನಾನು' ಇರುವ ವಾಕ್ಯಗಳನ್ನೆಲ್ಲ ತೆಗೆದರೆ ಕೊನೆಗೆ ದಿನಾಂಕ ಮಾತ್ರ ಉಳಿಯುತ್ತಿತ್ತು. ಹಾಗಾಗಿ ಕೆಲವನ್ನು ಬಿಟ್ಟುಕೊಂಡೆ.

ಭಾನುವಾರ ಕುಂಬಳಕಾಯಿಗಳ ಪಕ್ಕದಲ್ಲಿ ನಿಂತು ಹೇಳಿದೆ. ತಟ್ಟೆ ತಳ್ಳಲಿಲ್ಲ, ಮಾತ್ರೆ ನುಂಗಿದೆ. ಮೊಣಕಾಲೂರಲಿಲ್ಲ, ಮಲಗಿದೆ. ಪ್ರಾರ್ಥನೆ ಮಾಡಿದವಳು ಸುಗುಣ. ಯಾರಾದರೂ ನನ್ನ ಮಾತು ಕೇಳಿ ಔಷಧಿ ಬಿಟ್ಟಿದ್ದರೆ ಇವತ್ತೇ ಶುರು ಮಾಡಿ. ಹಿಂದಿನ ಸಾಲಿನ ಹಿರಿಯರೊಬ್ಬರು ಅಭ್ಯಾಸಬಲದಿಂದ "ಸ್ತೋತ್ರ" ಎಂದರು. ಅಯ್ಯನವರು ಮಾತ್ರ ನನ್ನನ್ನು ನೋಡಿ ತಲೆದೂಗಿದರು. ಎಷ್ಟು ಧೈರ್ಯ ಎಂದು ಜನ ಅಂದುಕೊಳ್ಳುತ್ತಿರಬಹುದೆಂದು ಭಾವಿಸುತ್ತಾ ಬಂದು ಕೂತೆ.

ಆಗ ದಯಾನಂದ ಎದ್ದ. ಅವನು ಸಾಕ್ಷಿ ಹೇಳಿದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ಪಕ್ಕದಲ್ಲಿ ಲೀಲಾ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅವನು ಮುಂದೆ ಕೂಡ ಬರಲಿಲ್ಲ, ನಿಂತಲ್ಲೇ ಹೇಳಿದ. "ಲೀಲಾಗೆ ಮಾತ್ರೆ ನಿಲ್ಸ್ಬುಡಾಣ ಅಂತಿದ್ದೆ. ದೇವರು ನಿಲ್ಸಕ್ಕೆ ಬುಡ್ಲಿಲ್ಲ. ಕೈ ಇನ್ನೂ ಬಂದಿಲ್ಲ. ದೇವರಿಗೆ ಸ್ತೋತ್ರ." ಕೂತುಬಿಟ್ಟ. ಕೈ ಬಂದಿಲ್ಲ ಎಂಬುದಕ್ಕೂ ಸ್ತೋತ್ರ ಎಂಬುದಕ್ಕೂ ನಡುವೆ ಅವನು ಒಂದು ಉಸಿರನ್ನೂ ಬಿಡಲಿಲ್ಲ. ಜನಕ್ಕೆ ಆಮೆನ್ ಅನ್ನಬೇಕೋ ಬೇಡವೋ ತಿಳಿಯಲಿಲ್ಲ. ಕಡೆಗೆ ಲೀಲಾಳೇ ಮೆಲ್ಲಗೆ ಅಂದಳು.

ಮನೆಗೆ ನಡೆದು ಬರುವಾಗ ಸುಗುಣ ಕೇಳಿದಳು, "ಯಾಕ್ರೀ ಮುಖ ಹಂಗಿಟ್ಕೊಂಡಿದೀರ?"

"ಏನಿಲ್ಲ."

"ದಯಾನಂದ ಚೆನ್ನಾಗಿ ಹೇಳ್ದ."

"ಚೆನ್ನಾಗೇ ಹೇಳಿದ. ಸ್ವಲ್ಪ ಚಿಕ್ಕದಾಯ್ತು."

"ಏನ್ ಬಿಟ್ಟ?"

"ಬಿಟ್ಟ ಅಂತಲ್ಲ. ಶುಕ್ರವಾರ ಆ ಮಾತ್ರೆ ನಿಲ್ಲಿಸದ ಹಾಗೆ ಮಾಡಿದ್ದು ಯಾರು ಅಂತ ಒಂದು ಮಾತು ಹೇಳಬಹುದಿತ್ತು."

ಸುಗುಣ ನಡೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. "ಹೇಳಿದ್ನಲ್ರೀ, ಯಾರು ಅಂತ."

ಹೌದು, ಹೇಳಿದ್ದ. ನನಗೂ ಕೇಳಿಸಿತ್ತು. ಆ ಜಾಗದಲ್ಲಿ ನನ್ನ ಹೆಸರನ್ನು ಹುಡುಕುವ ಆತುರದಲ್ಲಿ ಅಲ್ಲಿ ಯಾರ ಹೆಸರಿತ್ತೆಂದು ನೋಡಿರಲಿಲ್ಲ, ಅಷ್ಟೇ.